ಓಬಯ್ಯನ ಪುಡಿ

ಚಳ್ಳಕೆರೆ ಬಸ್ ನಿಲ್ದಾಣದ ಎದುರು ಬೇವಿನ ಮರದ ಕೆಳಗೆ ಕೂರುತ್ತಿದ್ದ ಓಬಯ್ಯನಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಟವೆಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಬಂದವರು, "ಸೊಂಟನೋವಿಗೆ ಪುಡಿ ಕೊಡ್ರಿ" ಎಂದು ಪಿಸುಗುಟ್ಟಿದರೆ, ಬಸ್ಸಿನೊಳಗೆ ಕುಳಿತವರಿಗೂ ಕೇಳುವಂತೆ, "ಸೊಂಟದ ಮೇಲ್ಗಡೇದೋ, ಕೆಳಗಡೇದೋ? ನೆಟ್ಟಗೆ ಹೇಳಲೇ" ಎನ್ನುತ್ತಿದ್ದ.

ಅವನು ಮಾರುತ್ತಿದ್ದದ್ದು ಗಂಡಸರ ಶಕ್ತಿಯ ಪುಡಿ. ಅಶ್ವಗಂಧದ ಬೇರು, ನೆಗ್ಗಿಲುಮುಳ್ಳು, ಹಾಲಿನಲ್ಲಿ ಬೇಯಿಸಿ ಸಿಪ್ಪೆ ತೆಗೆದ ನಸುಗುನ್ನಿ ಬೀಜ, ಇವನ್ನು ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದ. ಎರಡು ಸಾವಿರದ ಇಸವಿಯ ಆಚೀಚೆ ಮೆಡಿಕಲ್ ಶಾಪುಗಳಿಗೆ ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತವೆ ಎನ್ನುವ ಮಾತ್ರೆಗಳ ಡಬ್ಬಿಗಳು ಬಂದವು. ಓಬಯ್ಯನ ಗಿರಾಕಿಗಳು ಕದಲಲಿಲ್ಲ. ಪುಡಿಯ ಜೊತೆ ಪಥ್ಯವೂ ಇತ್ತು. ಒಂದು ಮಂಡಲ ಕಾಲ ಕುಡಿಯುವಂತಿಲ್ಲ, ಬೀಡಿ ಸೇದುವಂತಿಲ್ಲ, ಹೊತ್ತು ಮುಳುಗುವಷ್ಟರಲ್ಲಿ ಮನೆ ಸೇರಬೇಕು. ಪಥ್ಯ ಮುಗಿಸಿದವರು ಮೈಕೈ ತುಂಬಿಕೊಂಡು ಓಡಾಡುತ್ತಿದ್ದರು. ಅವನ ಹೆಸರು ಮೊಳಕಾಲ್ಮುರು ದಾಟಿ ಆಂಧ್ರದ ಹಳ್ಳಿಗಳಿಗೂ ಹೋಯಿತು. ಆ ಹೆಸರೇ ಒಬ್ಬ ಹೆಂಗಸಿನ ಕುತ್ತಿಗೆಗೆ ಬಂತು.

ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರ ತಿಪ್ಪೇಶನಿಗೆ ಮಕ್ಕಳಿರಲಿಲ್ಲ. ಓಬಯ್ಯನ ಪುಡಿಯನ್ನು ಪಥ್ಯ ಸಮೇತ ಮುಗಿಸಿದ್ದ. ಆದರೂ ಫಲ ಕಾಣಲಿಲ್ಲ. ಅವನ ತಾಯಿ, ಸೊಸೆ ರತ್ನಮ್ಮನನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ಮದುವೆ ಮಾಡಲು ಹಿರಿಯರನ್ನು ಸೇರಿಸಿದಳು. ಮಗನಲ್ಲಿ ದೋಷವಿಲ್ಲ ಎಂದು ಹೇಳಲು ಓಬಯ್ಯನಿಗೂ ಕರೆ ಹೋಯಿತು.

ನಾನಾಗ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. "ನೀನೂ ಬಾರಪ್ಪ. ಪೇಪರ್‌ನೋರು ಇದ್ರೆ ಕೈ ಎತ್ತಾಕೆ ಹಿಂದೆಮುಂದೆ ನೋಡ್ತಾರೆ" ಎಂದ ಓಬಯ್ಯ. ಏಕೆ ಕೈ ಎತ್ತುತ್ತಾರೆ ಎಂದು ಕೇಳಿದೆ. ಅವನು ಆಗಲೇ ಬಸ್ಸಿನ ಕಡೆ ಹೊರಟಿದ್ದ.

ಮನೆಯಲ್ಲಿ ಮಗ್ಗ ನಿಂತಿತ್ತು. ತಿಪ್ಪೇಶ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ತಲೆ ತಗ್ಗಿಸಿ ಕುಳಿತಿದ್ದ. ಬಾಗಿಲ ಬಳಿ ರತ್ನಮ್ಮನ ಬಟ್ಟೆಗಂಟು ಸಿದ್ಧವಾಗಿತ್ತು. ಅವಳನ್ನು ಕರೆದೊಯ್ಯಲು ಬಂದ ಅಣ್ಣ ಕೂರಲು ಒಪ್ಪದೆ ನಿಂತೇ ಇದ್ದ.

"ಓಬಯ್ಯರ ಪುಡಿಗೆ ಮುದುಕ್ರಿಗೇ ಮಕ್ಳಾಗ್ಯಾವೆ ಅಂತಾರೆ. ನನ್ ಮಗ ಪಥ್ಯ ಮಾಡಿ ತಿಂದವ್ನೆ. ಇನ್ನ ಕೊರ್ತೆ ಯಾರ್ದು? ನೀವೇ ಹೇಳ್ರಿ" ಎಂದಳು ತಾಯಿ.

"ಹೂಂ ಅನ್ನು ಓಬಯ್ಯ, ಸಾಕು. ಊಟದ ಹೊತ್ತಾತು" ಎಂದರು ಹಿರಿಯರೊಬ್ಬರು.

ಓಬಯ್ಯ ರತ್ನಮ್ಮನ ಗಂಟನ್ನು ನೋಡಿದ. "ನನ್ ಪುಡಿಗೆ ಮಕ್ಳಾಗಲ್ಲ ಕಣವ್ವ" ಎಂದ.

ತಾಯಿ ಹಿರಿಯರ ಕಡೆ ತಿರುಗಿದಳು. ಓಬಯ್ಯ ಮುಂದುವರಿಸಿದ:

"ಹಸಿವಾಗ್ತೈತೆ, ನಿದ್ದೆ ಬರ್ತೈತೆ. ಕುಡಿಯೋದು ಬಿಟ್ಟಿದ್ಕೆ ಮೈ ನೆಟ್ಟಗಾಗ್ತೈತೆ. ಅದ್ರಾಚೆ ಗಂಡಸಿನ ಒಳಗೇನೈತೆ ಅಂತ ನಂಗೇನ್ ಗೊತ್ತು? ಇಬ್ರುನ್ನೂ ದಾವಣಗೆರೆ ಆಸ್ಪತ್ರೆಗೆ ಕಳಿಸ್ರಿ. ಮೊದ್ಲು ಇವನು ಹೋಗ್ಲಿ."

ಗುಂಪಿನಿಂದ ಒಬ್ಬ ಎದ್ದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. "ಹಂಗಾದ್ರೆ ಇಷ್ಟ್ ದಿನ ನಮ್ಗೆ ಮಣ್ಣು ತಿನ್ಸಿದೇನಲೇ?"

"ಮಣ್ಣಲ್ಲಪ್ಪ, ಬೇರು."

ನಾನು ಎದ್ದು ನಿಂತೆ. ಹಿಡಿದ ಕೈ ಸಡಿಲವಾಗಲಿಲ್ಲ. ಆಗ ಮಗ್ಗದ ಗುಂಡಿಯಿಂದ ತಿಪ್ಪೇಶನ ದನಿ ಬಂತು: "ಅವ್ರನ್ನ ಬಿಡ್ರಿ. ನಾನು ಆಸ್ಪತ್ರೆಗೆ ಹೋಗ್ತೀನಿ."

"ಲೇ, ಮಾನ ಕಳೀತೀಯೇನೋ!" ಎಂದು ತಾಯಿ ಕೂಗಿದಳು. ಅವನು ತಲೆ ಎತ್ತಲಿಲ್ಲ, ಮಾತು ಹಿಂತೆಗೆದುಕೊಳ್ಳಲೂ ಇಲ್ಲ. ಬಂದಾಗಿನಿಂದ ನಿಂತೇ ಇದ್ದ ರತ್ನಮ್ಮನ ಅಣ್ಣ ಆಗ ಕುಳಿತ.

ಮಾತು ಚಳ್ಳಕೆರೆಗೆ ಬೇಗ ಮುಟ್ಟಿತು. ಓಬಯ್ಯನ ಹತ್ತಿರ ಗಿರಾಕಿಗಳು ಬರುವುದು ನಿಂತಿತು. ಆಸ್ಪತ್ರೆಯಲ್ಲಿ ಏನು ಹೇಳಿದರೆಂದು ತಿಪ್ಪೇಶನ ಮನೆಯವರು ಯಾರಿಗೂ ತಿಳಿಸಲಿಲ್ಲ. ಎರಡನೇ ಮದುವೆಯ ಮಾತು ಮಾತ್ರ ಮತ್ತೆ ಏಳಲಿಲ್ಲ.

ಕಡೆಯ ಸಲ ನಾನು ಓಬಯ್ಯನನ್ನು ಕಂಡಾಗ ಅವನು ಬೇರು ಕುಟ್ಟುವ ಕಲ್ಲುಗುಂಡು, ಚೀಲಗಳ ಸಮೇತ ರಾಯದುರ್ಗದ ಬಸ್ಸು ಹತ್ತುತ್ತಿದ್ದ.

"ಊರು ಬಿಟ್ರಾ?" ಎಂದೆ.

"ಇಲ್ಲಿ ಯಾರ್ ಕೊಳ್ತಾರೆ? ನಾನೇ ಹೇಳ್ಬುಟ್ನಲ್ಲ." ಕಿಟಕಿಯ ಪಕ್ಕ ಕುಳಿತು ಹೊರಗೆ ಬಗ್ಗಿದ. "ಆ ಹೆಣ್ಮಗಳು ಅಲ್ಲೇ ಇದಾಳಾ?"

"ಅಲ್ಲೇ ಇದ್ದಾಳೆ. ಮೊನ್ನೆ ನೋಡಿದೆ, ಜಗಲಿ ಮೇಲೆ ಕೂತು ರೇಷ್ಮೆ ಸುತ್ತುತ್ತಿದ್ದಳು."

"ಹಂಗಾದ್ರೆ ಆತು ಬಿಡು" ಎಂದು ಅವನು ಕಿಟಕಿಯ ಗಾಜು ಎಳೆದುಕೊಂಡ.