ಟ್ರ್ಯಾಕ್ಟರ್ ಚಾವಿ ಕಿತ್ತುಕೊಂಡ ಆಶಾ ಅಕ್ಕ

ನಮ್ಮ ಕಡೆಯ ಜನಕ್ಕೆ ಸುಮ್ಮನೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟುಕೊಂಡಂತೆ. ಇದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು, ನಾನೂ ಇದೇ ಮಣ್ಣಿನವಳಾಗಿದ್ದೂ! ಆರೋಗ್ಯ ಸಂಶೋಧಕಿ ಎಂಬ ದೊಡ್ಡ ಹೆಸರು ಹೊತ್ತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ತಿರುಗುತ್ತಿದ್ದೆ. ಪ್ರಶ್ನೆ ಒಂದೇ: ತುರ್ತು ಹೊತ್ತಿನಲ್ಲಿ ರೋಗಿ ಆಸ್ಪತ್ರೆ ಮುಟ್ಟಲು ಯಾಕೆ ಇಷ್ಟು ತಡ? ರಸ್ತೆ ಕೆಟ್ಟಿದೆ, ದೂರ ಹೆಚ್ಚು ಎಂದೆಲ್ಲ ಬರೆದುಕೊಂಡು ಜಾಣೆಯಂತೆ ಬೀಗುತ್ತಿದ್ದೆ.

ನಿಡಗುಂದಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ನನ್ನ ಜಾಣತನ ಇಳಿಸಿದರು. ಊರಿಂದ ದೂರ, ಹೊಲದ ನಡುವಿನ ವಸ್ತಿಯಲ್ಲಿ ಅವರ ಮನೆ. ನಾನು ಕೊಟ್ಟ ಫಾರ್ಮನ್ನು ಓದಿ ನನ್ನ ಮುಖಕ್ಕೇ ಹಿಡಿದು, ಮೇಡಂ ಎನ್ನುವುದಕ್ಕೆ ನಮ್ಮ ಕಡೆ ಅನ್ನುವಂತೆ ಬಾಯಾರ ಎಂದು ಕರೆದು ಕೇಳಿದರು.

"ಬಾಯಾರ, ಇದರಾಗ ನನ್ನ ಗಂಡನ ಸಾವು ಎಲ್ಲಿ ಬರೀಲಿ? ಎದಿನೋವು ಬಂತು, ಆಂಬುಲೆನ್ಸಿಗೆ ಫೋನ್ ಮಾಡಿದ್ವಿ. ಅದು ಬರೂತನಕ ಯಾರು ಕುಂದರತಾರ ಅಂತ ಟ್ರ್ಯಾಕ್ಟರ್‌ನ್ಯಾಗ ಹಾಕ್ಕೊಂಡು ಎದುರ ಹೊಂಟ್ವಿ. ನಾವು ಕೆನಾಲ್ ದಂಡಿಗುಂಟ ಹೋದ್ವಿ, ಗಾಡಿ ಊರ ದಾರೀಲೆ ವಸ್ತಿಗೆ ಬಂತು. ಅದು ಇಲ್ಲಿ, ನಾವು ಅಲ್ಲಿ. ದಾರ್ಯಾಗ ಹೋಗಿಬಿಟ್ರು."

ಮೊದಲು ಹೋಗಿದ್ದ ಮನೆಗಳಿಗೆಲ್ಲ ಮತ್ತೆ ಹೋಗಿ ಕೇಳಿದೆ. ಅಯ್ಯೋ, ಎಲ್ಲ ಕಡೆಯೂ ಇದೇ ಕತೆ! ಒಬ್ಬರು ಬೈಕಿನಲ್ಲಿ ಹೋಗಿದ್ದರು, ಇನ್ನೊಬ್ಬರು ಟಂಟಂ ರಿಕ್ಷಾದಲ್ಲಿ. ನಮ್ಮಲ್ಲಿ ಬೀಗರು ಬರುತ್ತಾರೆಂದರೆ ಊರ ಅಗಸಿ ಬಾಗಿಲವರೆಗೆ ಎದುರು ಹೋಗುತ್ತೇವೆ. ಆಂಬುಲೆನ್ಸಿಗೂ ಹಾಗೇ ಹೋಗುತ್ತಿದ್ದೆವು. ಇಷ್ಟು ಸರಳ ಸಂಗತಿ ಹೊಳೆಯದ ನನ್ನ ಬುದ್ಧಿಗೆ ನಾನೇ ಛೀಮಾರಿ ಹಾಕಿಕೊಂಡೆ.

ಆಮೇಲೆ ಆ ಆಶಾ ಅಕ್ಕ ಮತ್ತು ನಾನು ಕೂಡಿ ಒಂದು ಉಪಾಯ ಮಾಡಿದೆವು. ಪ್ರತಿ ವಸ್ತಿಯ ಹತ್ತಿರ ಕರೆಂಟಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಕಂಬ ಇದ್ದೇ ಇರುತ್ತದೆ. ಅನುಮತಿ ಪಡೆದು ಅದರ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡ ನಂಬರು ಬರೆಸಿದೆವು, ಯಾವ ನಂಬರಿಗೆ ಯಾವ ದಾರಿ ಎಂಬ ಪಟ್ಟಿಯನ್ನು ಆಂಬುಲೆನ್ಸ್ ಚಾಲಕರಿಗೆ ಕೊಟ್ಟೆವು. ಜನರಿಗೆ ಹೇಳಿದ್ದು ಇಷ್ಟೇ: ಫೋನ್ ಮಾಡಿ, ನಂಬರು ಹೇಳಿ, ಅಲ್ಲೇ ಕುಳಿತಿರಿ.

"ಕುಂದರೂದು ಕಲಿಸಾಕ ಸಾಲಿ ತಗದಾರ ನೋಡ್ರಿ!" ಎಂದು ಕಟ್ಟೆಯ ಹಿರಿಯರು ನಕ್ಕರು. ನನಗೆ ಸಿಟ್ಟು ಬಂತು. ಅಕ್ಕ ಮಾತ್ರ ಮನೆಮನೆಗೆ ಹೋಗುವುದನ್ನು ಬಿಡಲಿಲ್ಲ.

ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ಒಳಗಿನಿಂದ ಹುಡುಗಿ ಚೀರಿದಳು. ಸೀರೆ ತುಂಬ ರಕ್ತ. ಅಕ್ಕ ಫೋನ್ ಮಾಡಿ ನಂಬರು ಹೇಳಿದರು. ಅವರ ಮೈದುನ ಆಗಲೇ ಟ್ರ್ಯಾಕ್ಟರ್ ಏರಿದ್ದ. ಇನ್ನು ನಾನು? ಎರಡು ವರ್ಷ ಇದನ್ನೇ ಅಭ್ಯಾಸ ಮಾಡಿದವಳು ಅಂಗಳಕ್ಕೆ ಓಡಿ, "ಹಚ್ಚ್ರಿ ಟ್ರ್ಯಾಕ್ಟರ್, ಎದುರ ಹೋಗೂಣು!" ಎಂದು ಕಿರುಚಿದೆ.

ಅಕ್ಕ ಬಂದವರೇ ಚಾವಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ವೈನಿ, ಚಾವಿ ಕೊಡ್ರಿ! ಹುಡುಗಿ ಸಾಯತಾಳ!" ಮೈದುನ ಅತ್ತಿಗೆಯ ಮೇಲೆ ಕೂಗಿದ.

"ಇಕಿ ಅಪ್ಪನ್ನ ಹಿಂಗ ಕಳಕೊಂಡೇನಿ. ಯಾರೂ ಅಲುಗಾಡಬ್ಯಾಡ್ರಿ."

ಅಕ್ಕ ಒಳಗೆ ಹೋದರು. ಮಗಳನ್ನು ಎಡಮಗ್ಗುಲಿಗೆ ಮಲಗಿಸಿ, ತಲೆ ಸವರುತ್ತ ಮಾತಾಡಿಸುತ್ತಿದ್ದರು. ನಾನು ಕಂಬದ ಬುಡದಲ್ಲಿ ನಿಂತು ದಾರಿ ನೋಡಿದೆ. ಈ ನಂಬರು ಸುಳ್ಳಾದರೆ ಈ ಹೆಂಗಸಿಗೆ ಯಾವ ಮುಖ ತೋರಿಸಲಿ?

ತೊಗರಿ ಹೊಲದ ಆಚೆ ಧೂಳೆದ್ದಿತು. ಸೈರನ್ ಕೇಳಿತು. ಆಂಬುಲೆನ್ಸ್ ಯಾರನ್ನೂ ಕೇಳದೆ, ಎಲ್ಲೂ ನಿಲ್ಲದೆ, ನೇರ ಹಳದಿ ನಂಬರಿನ ಮುಂದೆ ಬಂದು ನಿಂತಿತು. ಬಂತು, ಬಂತು ಎಂದು ನಾನು ಕುಣಿದೇಬಿಟ್ಟೆ, ನಾಚಿಕೆಯೇ ಇಲ್ಲದೆ.

ಸಂಜೆ ಹೊತ್ತಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದು ನರ್ಸ್ ಹೊರಗೆ ಬಂದರು. ತಾಯಿ ಉಳಿದಿದ್ದಳು, ಹೆಣ್ಣು ಮಗು ಗಂಟಲು ಹರಿಯುವಂತೆ ಅಳುತ್ತಿತ್ತು. ಅಕ್ಕ ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತರು. ನಂತರ ಮೂಗು ಒರೆಸಿಕೊಂಡು ಸೊಂಟದಿಂದ ಚಾವಿ ತೆಗೆದು ಮೈದುನನ ಕೈಗೆ ಹಾಕಿದರು.

"ತಗೋ ತಮ್ಮಾ. ಈಗ ವಸ್ತಿಗೆ ಹೋಗಿ ಹಚ್ಚು ನಿನ್ನ ಟ್ರ್ಯಾಕ್ಟರ್. ಪೇಡೆ ತಂದು ಊರ ತುಂಬ ಹಂಚು. ಬಾಯಾರನ್ನೂ ಕರಕೊಂಡು ಹೋಗು, ಅವರಿಗೂ ಒಂದ ಕಡೆ ಕುಂದರಾಕ ಬರಂಗಿಲ್ಲ."