ಮಡುವಿನಕ್ಕನ ಹಗ್ಗ

ನಲ್ಲಿಯಲ್ಲಿ ನೀರು ಸಣ್ಣಗೆ ನೂಲಿನಂತೆ ಇಳಿಯತೊಡಗಿದಾಗ ಮಾತ್ರ ಊರಿಗೆ ಮಡುವಿನಕ್ಕ ನೆನಪಾಗುತ್ತಾಳೆ. ಉಳಿದ ದಿನ ಅವಳು ಇದ್ದಾಳೋ ಸತ್ತಳೋ ಕೇಳುವವರಿಲ್ಲ. ಪಂಪ್‌ಹೌಸಿನ ಹಿಂದೆ ಹೊಳೆ ತಿರುಗುವಲ್ಲಿ ನಲವತ್ತು ಅಡಿ ಆಳದ ಮಡುವಿದೆ. ಅದರ ತಳದಲ್ಲಿ ಪೈಪಿನ ಬಾಯಿ, ಬಾಯಿಗೊಂದು ಕಬ್ಬಿಣದ ಜಾಲರಿ. ಅದಕ್ಕೆ ಕಸ ಕಟ್ಟಿಕೊಂಡಾಗ ಪಂಪು ನಿಲ್ಲಿಸಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು ಇಳಿದು ಬಿಡಿಸುವವಳು ಇವಳೇ, ಇಪ್ಪತ್ತೆರಡು ವರ್ಷದಿಂದ. ಕೆಳಗೆ ಕಣ್ಣಿಗೆ ಕೆಲಸವಿಲ್ಲ. ಬರೀ ಕೆಸರು, ಎಲ್ಲವನ್ನೂ ಕೈಯಲ್ಲೇ ತಡವಿ ನೋಡಬೇಕು.

ಮಾತಿಗೆ ಇರುವುದು ಸೊಂಟದ ಹಗ್ಗವೊಂದೇ. ಮೇಲಿನಿಂದ ಒಂದು ಜಗ್ಗು ಬಂದರೆ ‘ಹೇಗಿದ್ದೀಯ?’ ಎಂದು. ಕೆಳಗಿನಿಂದ ಒಂದು ಹೋದರೆ ‘ಚೆನ್ನಾಗಿದ್ದೀನಿ.’ ಯಾರೇ ಮೂರು ಜಗ್ಗಿದರೂ ಮೇಲೆ ಬರಬೇಕು, ಮರುಮಾತಿಲ್ಲ. ಹಗ್ಗ ಹಿಡಿಯುವವನು ಗಂಡ. ಬಂಗಾರದಂಥ ಮನುಷ್ಯ, ತೊಂದರೆ ಇರುವುದೇ ಅಲ್ಲಿ. ಹೋದ ವರ್ಷ ಅವಳ ಕಿವಿಯಲ್ಲಿ ರಕ್ತ ಬಂದದ್ದೇ ಬಂದದ್ದು, ಅವನ ಜೀವ ಬಾಯಿಗೆ ಬಂತು. ಕಿವಿ ವಾಸಿಯಾಯಿತು, ಇಳಿಯಬಹುದೆಂದು ಡಾಕ್ಟರು ಬರೆದೂ ಕೊಟ್ಟರು. ಅವನ ಹೆದರಿಕೆ ಮಾತ್ರ ವಾಸಿಯಾಗಲಿಲ್ಲ.

ಈ ವಾರ ಎರಡು ಸಲ ಇಳಿದಳು. ಎರಡೂ ಸಲ ಜಾಲರಿಗೆ ಕೈ ಹಾಕುವಷ್ಟರಲ್ಲಿ ಮೂರು ಜಗ್ಗು. ಮೇಲೆ ಬಂದು ನೋಡಿದರೆ ಏನೂ ಆಗಿಲ್ಲ.

“ನೀರಿನ ಮೇಲೆ ಗುಳ್ಳೆ ಕಡಿಮೆ ಆದ ಹಾಗೆ ಕಾಣಿಸ್ತು ಕಣೇ,” ಎಂದ ಗಂಡ.

ದೂರದ ನೆರಳಲ್ಲಿದ್ದ ಹೊಸ ಇಂಜಿನಿಯರ್ ಹತ್ತಿರ ಬಂದು, ಬಾಯಲ್ಲೂ ಹೇಳುತ್ತ ತನ್ನ ಪುಸ್ತಕದಲ್ಲಿ ಬರೆದುಕೊಂಡ: ‘ಕೆಲಸದವಳು ಹೆದರಿ ಮೇಲೆ ಬಂದಳು.’

“ವಯಸ್ಸಾಯ್ತಮ್ಮ ನಿಮಗೆ. ನಾಳೆ ಕೊನೇ ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಹೊರಗಿನವರನ್ನ ಕರೆಸ್ತೀನಿ, ನೀವು ಮನೇಲಿ ಹಾಯಾಗಿರಿ.”

ಹಾಯಾಗಿರಬೇಕಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಜಗ್ಗಿದ್ದು ಗಂಡ ಎಂದು ಹೇಳಿಬಿಡಬಹುದಿತ್ತು. ಆದರೆ ಮನೆಯವನನ್ನು ಆ ಪುಸ್ತಕದ ಪಾಲು ಮಾಡಲು ಮನಸ್ಸು ಬಾರದೆ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: “ನಾಳೆ ಹಗ್ಗ ನಿಮ್ಮ ಕೈಗಿಲ್ಲ. ಅತ್ತೆ ಹಿಡೀತಾರೆ.”

ಅತ್ತೆಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಸೊಸೆಯ ಈ ಕೆಲಸವನ್ನು ಅತ್ತೆ ಬೈಯದ ದಿನವಿರಲಿಲ್ಲ. ಆದರೆ ಅದು ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಕೈ. ಎಳೆ ಬಿಗಿಯೋ ಸಡಿಲವೋ ಕಣ್ಣು ಮುಚ್ಚಿ ಹೇಳುವಂಥದ್ದು.

“ನಾನಾ? ತಲೆ ಕೆಟ್ಟಿದೆಯಾ ನಿನಗೆ?”

“ನಿಮಗೆ ನನ್ನ ಮೇಲೆ ಅಂಥ ಪ್ರೀತಿಯೇನೂ ಇಲ್ವಲ್ಲ ಅತ್ತೆ. ಅದಕ್ಕೇ ಕೇಳ್ತಿರೋದು.”

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. “ಆ ಜಗ್ಗೋ ಲೆಕ್ಕ ಇನ್ನೊಂದ್ಸಲ ಹೇಳು,” ಎಂದಳು.

ಮರುದಿನ ಕೆಳಗೆ ಜಾಲರಿಗೆ ಇಡೀ ಚಾಪೆಯೊಂದು ಸುತ್ತಿಕೊಂಡಿತ್ತು, ಅದರೊಳಗೆ ಕೊಂಬೆ, ತಂತಿ, ಹಾಳುಮೂಳು. ಚಾಕುವಿನಿಂದ ಕೊಯ್ಯುತ್ತ ಹೋದಳು. ಮೇಲಿನಿಂದ ಒಂದು ಜಗ್ಗು ಬಂತು, ಒಂದು ಕೊಟ್ಟಳು. ಮೂರು ಈಗ ಬಂತು, ಈಗ ಬಂತು ಎಂದು ಸೊಂಟ ಕಾಯುತ್ತಲೇ ಇತ್ತು. ಬರಲಿಲ್ಲ. ಮತ್ತೆ ಒಂದೇ ಜಗ್ಗು. ಕೊನೆಯ ತುಂಡೂ ಕಿತ್ತು ಬಂದ ಮೇಲೆ ಜಾಲರಿಯ ಉದ್ದಗಲಕ್ಕೂ ಅಂಗೈ ಆಡಿಸಿ ನೋಡಿ, ತಾನೇ ಮೂರು ಜಗ್ಗಿದಳು.

ದಡದಲ್ಲಿ ಅತ್ತೆ ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು, ಕಲ್ಲಿಗೆ ಕಾಲು ಒತ್ತಿ ಕೂತಿದ್ದಳು. ಹತ್ತು ಹೆಜ್ಜೆ ಆಚೆ ಗಂಡ, ಮುಖದಲ್ಲಿ ರಕ್ತವೇ ಇರಲಿಲ್ಲ.

“ಇವನು ನಾಲ್ಕು ಸಲ ಎಳಿ ಅಂದ. ಆ ಪುಸ್ತಕದೋನು ಎರಡು ಸಲ ಅಂದ. ನೀನು ಅಂದಿಲ್ವಲ್ಲ, ನಾನ್ಯಾಕೆ ಎಳೀಲಿ?” ಎಂದಳು ಅತ್ತೆ. ಗದರುತ್ತಲೇ ಸೆರಗಿನಿಂದ ಸೊಸೆಯ ಮುಖ ಒರೆಸಿದಳು.

ಪಂಪು ಶುರುವಾಗಿ ನೀರು ಭರ್ರನೆ ಏರಿತು. ಮಡುವಿನಕ್ಕ ತೊಟ್ಟಿಕ್ಕುವ ಬೆರಳನ್ನು ಇಂಜಿನಿಯರ್‌ನ ಪುಸ್ತಕದ ಮೇಲೆ ಊರಿದಳು.

“ಹೆದರಿ ಅಂತ ಬರೆದಿದ್ದೀರಲ್ಲ, ಅದನ್ನ ಹೊಡೆದುಹಾಕಿ. ಇನ್ಮೇಲೆ ಇಳಿಯೋಳು ನಾನೇ, ಹಗ್ಗ ಹಿಡಿಯೋರು ಅತ್ತೆ. ಎರಡೂ ಹೆಸರು ಬರೀರಿ.”

“ಅವರಿಗೆ ಎಪ್ಪತ್ತಾಗಿರಬೇಕಲ್ಲಮ್ಮ…”

“ಎಪ್ಪತ್ತೊಂದು,” ಎಂದಳು ಅತ್ತೆ. “ಸರಿಯಾಗಿ ಬರ್ಕೋ.”