ಸರದಿ ತಪ್ಪದೆ ನೋಡಿದವರು: ಪ್ರೊಫೆಸರ್ ಹೆಲ್ಮಿ ಕೊಸ್ಕೆಲಾ

ಮಕ್ಕಳ ನಡವಳಿಕೆಯನ್ನು ಕಣ್ಣಾರೆ ಕಂಡು ಅರಿಯುವ ಶಾಸ್ತ್ರದಲ್ಲಿ, ಬರಿಗಣ್ಣನ್ನೇ ಪೂರ್ತಿ ನಂಬಬಾರದೆಂದು ನಮಗೆ ಕಲಿಸಿದವರು ಪ್ರೊಫೆಸರ್ ಹೆಲ್ಮಿ ಕೊಸ್ಕೆಲಾ. ಈ ವಸಂತದಲ್ಲಿ ಅವರು ನಿವೃತ್ತರಾಗುತ್ತಿರುವಾಗ, ಶಿಷ್ಯನಾಗಿ ಬಂದು ಸಹೋದ್ಯೋಗಿಯಾಗಿ ಉಳಿದ ನಾನು ಸಂತೋಷದ ಮಾತುಗಳನ್ನಷ್ಟೇ ಬರೆಯಬೇಕಿತ್ತು. ಅದನ್ನು ಅವರೇ ಒಪ್ಪುವುದಿಲ್ಲ.

ಥಂಡರ್ ಬೇ ಪಟ್ಟಣದ ಬಂದರಿನ ಬಳಿಯ ಶಿಶುವಿಹಾರದಲ್ಲಿ ಅವರು ತಂದ ಕ್ರಮ ಸರಳವಾಗಿತ್ತು. ಚೀಟಿ ಎತ್ತಿದಾಗ ಹೆಸರು ಬಂದ ಮಗುವನ್ನು ಐದು ನಿಮಿಷ ನೋಡಬೇಕು, ಅದು ಮಾಡಿದ್ದನ್ನಷ್ಟೇ ಬರೆಯಬೇಕು, ಆಮೇಲೆ ಮುಂದಿನ ಮಗುವಿನ ಸರದಿ. ಪಕ್ಕದಲ್ಲಿ ರಂಪವಾದರೂ ತಿರುಗಕೂಡದು. ಮೊದಲ ದಿನ ಅಳುವ ದನಿಯತ್ತ ತಿರುಗಿದ ನನಗೆ ಪಿಸುಗುಟ್ಟಿದರು: “ಗಲಾಟೆ ಮಾಡೋರನ್ನ ಊರೆಲ್ಲಾ ನೋಡತ್ತೆ ಕಣಪ್ಪಾ. ನೀನು ನಿನ್ನ ಪಾಲಿನ ಮಗೂನ ನೋಡು.” ಅಂದು ಸಂಜೆ, ಕೈಗವಸು ಮರೆತು ಬಂದಿದ್ದ ನನಗೆ ತಮ್ಮದನ್ನೇ ಕೊಟ್ಟು, ತಾವು ಜೇಬಿನಲ್ಲಿ ಕೈಯಿಟ್ಟು ಬಸ್ಸಿಗೆ ನಡೆದರು.

ಆ ವರ್ಷ ಮಾರ್ಸೆಲ್ ದೆರೋಸಿಯೆ ಎಂಬ ನಾಲ್ಕು ವರ್ಷದ ಹುಡುಗನಿದ್ದ. ಅವನು ದಿನವಿಡೀ ಹೊಡೆಯುತ್ತಾನೆಂದು ಶಿಕ್ಷಕಿಯರ ದೂರು. ಎಲ್ಲರನ್ನೂ ಸಮನಾಗಿ ನೋಡುತ್ತ ಬಂದ ನಮಗೆ ಚಳಿಗಾಲದ ನಡುವಿಗೆ ಬೇರೆಯೇ ತೋರತೊಡಗಿತು: ಹೊಡೆತದಲ್ಲಿ ಅವನು ಉಳಿದವರಂತೆಯೇ, ಕಿರುಚಿಕೊಂಡು ಹೊಡೆಯುತ್ತಿದ್ದುದರಿಂದ ಅವನೊಬ್ಬನೇ ಕಣ್ಣಿಗೆ ಬೀಳುತ್ತಿದ್ದ.

“ಈಗಲೇ ಹೇಳಿಬಿಡೋಣ ಮೇಡಂ,” ಎಂದೆ.

“ಅರ್ಧ ನೋಡಿ ಹೇಳಿದ್ರೆ ಅವರ ಊಹೆಗೂ ನಮ್ಮದಕ್ಕೂ ಏನಪ್ಪಾ ವ್ಯತ್ಯಾಸ? ಏಪ್ರಿಲ್‌ಗೆ ಎಲ್ಲಾ ನೋಡಿ ಮುಗಿಯತ್ತೆ, ಅಲ್ಲೀವರೆಗೆ ತಾಳು.”

ಫೆಬ್ರವರಿಯಲ್ಲಿ ಶಾಲೆಯವರು ಅವನನ್ನು ಬಿಡಿಸಿ ಕಳಿಸಿದರು. ಅವನ ಹಿಮದ ಬೂಟು ಒಯ್ಯಲು ಬಂದ ತಾಯಿ ಲೂಸಿ, ಮೇಡಂ ಎದುರು ನಿಂತರು.

“ನೀವು ದಿನಾ ನೋಡ್ತಿದ್ರಲ್ಲಾ, ನನ್ನ ಮಗ ಅಷ್ಟು ಕೆಟ್ಟೋನಾ?”

“ಇಲ್ಲಮ್ಮ. ಎಲ್ಲಾ ಮಕ್ಕಳ ಹಾಗೇ.”

“ಗೊತ್ತಿದ್ದೂ ಸುಮ್ನಿದ್ರಾ?”

ಮೇಡಂ ಬಾಗಿ ಆ ಪುಟ್ಟ ಬೂಟುಗಳನ್ನು ಎತ್ತಿಕೊಟ್ಟರು.

ಏಪ್ರಿಲ್‌ನಲ್ಲಿ ವರದಿ ಓದಿದ ಶಾಲೆಯವರು ತಪ್ಪೊಪ್ಪಿಕೊಂಡರು. ಅವನನ್ನು ಮರಳಿ ಕರೆತರಲು ಮೇಡಂ ತಾವೇ ಹೋದರು. ಲೂಸಿ ಬಾಗಿಲಲ್ಲೇ ನಿಂತು, “ಈಗ ಅವನು ಯಾರ ಜೊತೆಗೂ ಆಡೋದೇ ಇಲ್ಲ. ಬೇಡ ಬಿಡಿ,” ಎಂದರು. ಆ ಬೇಸಿಗೆಯಲ್ಲಿ ಆ ಕುಟುಂಬ ಊರು ಬಿಟ್ಟಿತು.

ಮಗುವೊಂದರ ಹಣೆಬರಹ ತೀರ್ಮಾನವಾಗುವಲ್ಲಿ, ಕಂಡಷ್ಟನ್ನು ಅದರ ಅರೆಕೊರೆಗಳ ಸಮೇತ ಆಗಲೇ ಹೇಳಬೇಕೆಂಬ ನಿಯಮವನ್ನು ಮೇಡಂ ಅನಂತರ ಮಾಡಿದರು. ಅದರಿಂದ ಎಷ್ಟೋ ಮಕ್ಕಳು ಶಾಲೆಯಲ್ಲಿ ಉಳಿದವು. ಮೊನ್ನೆ ನಾನದನ್ನು ಹೊಗಳಿದಾಗ, “ಆ ಮಕ್ಕಳಿಗಾಯ್ತು. ಮಾರ್ಸೆಲ್‌ಗೆ?” ಎಂದು ಕಿಟಕಿಯತ್ತ ತಿರುಗಿದರು.

ಸೆಪ್ಟೆಂಬರಿನಿಂದ ವಾರಕ್ಕೆರಡು ದಿನ ಹೊಸ ವಿದ್ಯಾರ್ಥಿಗಳೊಂದಿಗೆ ಕೂರಲು ಅವರು ಒಪ್ಪಿದ್ದಾರೆ. ನೂರು ಕಾಲ ಬಾಳಿ ಅವರು ಇನ್ನಷ್ಟು ಜನರನ್ನು ತಿದ್ದಲಿ. ತಮ್ಮನ್ನು ತಾವು ಕ್ಷಮಿಸಿಕೊಳ್ಳಲಿ ಎಂದು ಹಾರೈಸುವ ಅಧಿಕಾರ ನನಗಿಲ್ಲ. ಆಸೆ ಮಾತ್ರ ಇದೆ.